ಮೇಘರಾಜ್
ಸರ್ಕಾರಿ ಜಾಲತಾಣಗಳನ್ನೂ ವೆಬ್ ಅಪ್ಲಿಕೇಷನ್‌ಗಳನ್ನೂ ನಡೆಸಲು ಭಾರತ ಸರ್ಕಾರ ರೂಪಿಸಿದ ಕ್ಲೌಡ್ ವ್ಯವಸ್ಥೆ. ಇದರಡಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ರಾಷ್ಟ್ರೀಯ ಕ್ಲೌಡ್ 2014ರಲ್ಲಿ ಆರಂಭವಾಯಿತು. ಸರ್ವರ್, ಸಂಗ್ರಹಣೆ, ಜಾಲಸಂಪರ್ಕಗಳ ನಿರ್ವಹಣೆ ದತ್ತಾಂಶ ಕೇಂದ್ರದ್ದು. ಬಳಸುವ ಇಲಾಖೆಯದು ಮುಖ್ಯವಾಗಿ ತನ್ನ ಅಪ್ಲಿಕೇಷನ್ ಹಾಗೂ ಮಾಹಿತಿಯ ಹೊಣೆ. ಪರೀಕ್ಷಾ ಫಲಿತಾಂಶದ ದಿನದಂತೆ ಒಮ್ಮೆಲೇ ಲಕ್ಷಾಂತರ ಜನ ತಾಣಕ್ಕೆ ಬಂದಾಗ ಸಾಮರ್ಥ್ಯ ಹೆಚ್ಚಿಸಿ, ದಟ್ಟಣೆ ತಗ್ಗಿದ ಮೇಲೆ ಇಳಿಸಬಹುದು. ವರ್ಷಕ್ಕೊಮ್ಮೆ ಬೇಕಾಗುವ ಸಾಮರ್ಥ್ಯಕ್ಕಾಗಿ ಸ್ವಂತ ಸರ್ವರ್ ಕೊಳ್ಳುವುದು ದುಬಾರಿ. ಉದಾಹರಣೆಗೆ, ಚಿತ್ರದುರ್ಗ ಜಿಲ್ಲೆಯ ಅಧಿಕೃತ ಜಾಲತಾಣ ಸರ್ಕಾರಿ ಜಾಲತಾಣಗಳನ್ನು ರೂಪಿಸಲು ಎನ್‌ಐಸಿ ಒದಗಿಸುವ ಎಸ್‌3ವಾಸ್ ಚೌಕಟ್ಟಿನಲ್ಲಿದೆ. ಅದರಲ್ಲಿ ಜಿಲ್ಲಾಡಳಿತದ ಸಿಬ್ಬಂದಿ ಟೆಂಡರ್, ನೇಮಕಾತಿ ಪ್ರಕಟಣೆಗಳನ್ನು ಬ್ರೌಸರಿನಿಂದಲೇ ಏರಿಸಬಹುದು. ಸರ್ಕಾರಿ ಇಲಾಖೆಗಳ ಖಾಸಗಿ ಕಂಪನಿಗಳ ಕ್ಲೌಡ್ ಬಳಕೆಗಾಗಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಕಂಪನಿಗಳ ಮಾನ್ಯತಾ ಪಟ್ಟಿ ಸಿದ್ಧಪಡಿಸಿದೆ; ದತ್ತಾಂಶ ಭಾರತದೊಳಗೇ ಇರಬೇಕೆಂಬುದು ಮಾನ್ಯತೆಯ ಷರತ್ತು.