ಮಾಂಟೆ ಕಾರ್ಲೊ ಐತಿಹಾಸಿಕ ರ‍್ಯಾಲಿ

ಮಾಂಟೆ ಕಾರ್ಲೊ ಐತಿಹಾಸಿಕ ರ‍್ಯಾಲಿಯು ಹಳೆಯ ಕಾರುಗಳಿಗಾಗಿ ನಡೆಯುವ ಹಲವು ದಿನಗಳ ಚಳಿಗಾಲದ ಸ್ಪರ್ಧೆ. ಮೊನಾಕೊ ಆಟೊಮೊಬೈಲ್ ಕ್ಲಬ್ ಇದನ್ನು 1998ರಲ್ಲಿ ಆರಂಭಿಸಿತು. ಮೂಲ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಹಿಂದೊಮ್ಮೆ ಓಡಿದ ಮಾದರಿಯ ಕಾರುಗಳಿಗೆ ಮಾತ್ರ ಇಲ್ಲಿ ಪ್ರವೇಶವಿದೆ. ಸ್ಪರ್ಧಿಗಳು ಯುರೋಪಿನ ಬೇರೆ ಬೇರೆ ನಗರಗಳಿಂದ ಹೊರಟು, ಆಗ್ನೇಯ ಫ್ರಾನ್ಸಿನ ಪರ್ವತ ಪ್ರದೇಶಗಳನ್ನು ಹಾದು ಮೊನಾಕೊ ತಲಪುತ್ತಾರೆ.

ಹಿನ್ನೆಲೆ

ಮೂಲ ರ‍್ಯಾಲಿಯು 1911ರಲ್ಲಿ ಆರಂಭವಾಯಿತು. ಪ್ಯಾರಿಸ್‌ನಿಂದ ಹೊರಟ ಹೆನ್ರಿ ರೂಜಿಯೆ ಅದರ ಮೊದಲ ವಿಜೇತ. ಆಗ ತೀರ್ಪುಗಾರರು ವೇಗವನ್ನಷ್ಟೇ ಅಲ್ಲದೆ ಕಾರಿನ ಅಂದ, ಪ್ರಯಾಣಿಕರ ಸೌಕರ್ಯ, ತಲಪಿದಾಗ ವಾಹನವಿದ್ದ ಸ್ಥಿತಿ ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಸಹಜವಾಗಿಯೇ ಜಗಳವೂ ಆಯಿತು. ಮುಂದೆ ಸ್ಪರ್ಧೆಯು ವೇಗದ ಕಡೆಗೆ ಹೊರಳಿತು. 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಪುಟ್ಟ ಮಿನಿ ಕೂಪರ್ ಎಸ್ ಕಾರಿನಲ್ಲಿ ಗೆದ್ದು ಹೆಸರಾದರು. 1966ರಲ್ಲಿ ಮೊದಲ ಮೂರು ಸ್ಥಾನ ಪಡೆದ ಮಿನಿಗಳನ್ನು ಮುಂದೀಪಗಳ ನಿಯಮದ ನೆಪದಲ್ಲಿ ಅನರ್ಹಗೊಳಿಸಿ, ಸಿಟ್ರೊಯೆನ್ ಕಾರಿನ ಪೌಲಿ ಟೊಯ್ವೊನೆನ್ ಅವರನ್ನು ವಿಜೇತರೆಂದು ಸಾರಲಾಯಿತು. ಈ ನಿರ್ಣಯದ ಚರ್ಚೆ ಇಂದಿಗೂ ನಿಂತಿಲ್ಲ.

ಸ್ಪರ್ಧೆಯ ಕ್ರಮ

ಐತಿಹಾಸಿಕ ರ‍್ಯಾಲಿಯಲ್ಲಿ ಗೆಲ್ಲುವುದು ಅತಿ ವೇಗದ ಕಾರಲ್ಲ, ಸಮಯವನ್ನು ನಿಖರವಾಗಿ ಪಾಲಿಸಿದ ಕಾರು. ಪ್ರತಿ ಹಂತಕ್ಕೂ ಒಂದು ಸರಾಸರಿ ವೇಗ ಗೊತ್ತಾಗಿರುತ್ತದೆ. ಅದು ಗಂಟೆಗೆ 50 ಕಿ.ಮೀ. ಮೀರುವುದಿಲ್ಲ. ದಾರಿಯಲ್ಲಿ ಸ್ಪರ್ಧಿಗಳಿಗೆ ತಿಳಿಯದ ಸ್ಥಳಗಳಲ್ಲಿ ಸಮಯವನ್ನು ಅಳೆಯುತ್ತಾರೆ. ಉದಾಹರಣೆಗೆ, ಸರಾಸರಿ 48 ಕಿ.ಮೀ. ಆಗಿದ್ದರೆ ನಿಮಿಷಕ್ಕೆ 800 ಮೀಟರ್ ಸಾಗಬೇಕು, 9.6 ಕಿ.ಮೀ. ದೂರದ ಗುಪ್ತ ಸ್ಥಳವನ್ನು ಸರಿಯಾಗಿ 12ನೆಯ ನಿಮಿಷಕ್ಕೆ ದಾಟಬೇಕು. ತಡವಾದರೆ ದಂಡಾಂಕ, ಬೇಗ ಬಂದರೂ ದಂಡಾಂಕ.

ಓದುವಾಗ ಇದು ಸುಲಭವೆನಿಸಬಹುದು. ಆದರೆ ಹಿಮ ಬಿದ್ದ ಏರುದಾರಿಯ ಹೇರ್‌ಪಿನ್ ತಿರುವುಗಳಲ್ಲಿ ಗಂಟೆಗೆ 48 ಕಿ.ಮೀ. ಸರಾಸರಿ ಉಳಿಸಿಕೊಳ್ಳಬೇಕಾದರೆ ನೇರ ರಸ್ತೆಯಲ್ಲಿ ಅದಕ್ಕಿಂತ ಬಹಳ ವೇಗವಾಗಿ ಓಡಿಸಬೇಕಾಗುತ್ತದೆ. ಹೀಗಾಗಿ ಇಲ್ಲಿ ಸಹಚಾಲಕನ ಪಾತ್ರ ಚಾಲಕನದಕ್ಕಿಂತ ಕಡಿಮೆಯದಲ್ಲ. ಅವನು ದಾರಿಪುಸ್ತಕವನ್ನು ಓದುತ್ತ, ದೂರಮಾಪಕವನ್ನು ಗಡಿಯಾರದೊಂದಿಗೆ ತಾಳೆ ನೋಡುತ್ತ, ಮುಂದೆ ಬಿದ್ದಿದ್ದೇವೆಯೇ ಹಿಂದೆ ಉಳಿದಿದ್ದೇವೆಯೇ ಎಂದು ಕ್ಷಣಕ್ಷಣಕ್ಕೂ ಹೇಳುತ್ತಿರಬೇಕು. ಚಕ್ರ ಜಾರಿ ಸುಮ್ಮನೆ ತಿರುಗಿದರೆ ಕಾರು ಮುಂದೆ ಸಾಗದಿದ್ದರೂ ದೂರಮಾಪಕದ ಅಂಕಿ ಏರುತ್ತದೆ. ಆ ವ್ಯತ್ಯಾಸವನ್ನೂ ಅವನೇ ಸರಿಪಡಿಸಬೇಕು. ದಾರಿಪುಸ್ತಕದಲ್ಲಿ ತಿರುವುಗಳನ್ನು ಸೂಚಿಸುವ ಪುಟ್ಟ ರೇಖಾಚಿತ್ರಗಳಿಗೆ 'ಟ್ಯುಲಿಪ್' ಎಂಬ ಹೆಸರಿದೆ; ಇದು ನೆದರ್‌ಲೆಂಡ್ಸಿನ ಟ್ಯುಲಿಪ್ ರ‍್ಯಾಲಿಯಿಂದ ಬಂದದ್ದು.

ಎಂಜಿನ್ನಿನ ಬಲಕ್ಕಿಂತ ಲೆಕ್ಕಕ್ಕೆ ಬೆಲೆ ಹೆಚ್ಚಾದುದರಿಂದ, ದುಬಾರಿ ಪೋರ್ಷೆಗಳ ಎದುರು ಸಣ್ಣ ಕುಟುಂಬದ ಕಾರುಗಳೂ ಸರಿಸಮವಾಗಿ ಸೆಣಸುತ್ತವೆ. ಈ ರ‍್ಯಾಲಿಯ ನಿಜವಾದ ಆಕರ್ಷಣೆ ಇದೇ ಎನ್ನಬಹುದು.

ಮಾರ್ಗ

ವರ್ಷದಿಂದ ವರ್ಷಕ್ಕೆ ಮಾರ್ಗ ಬದಲಾಗುತ್ತದೆ. ಆರ್ದೆಶ್ ಮತ್ತು ವೆರ್ಕೋರ್ ಪ್ರದೇಶಗಳ ರಸ್ತೆಗಳು ಮತ್ತೆ ಮತ್ತೆ ಬರುತ್ತವೆ. ಎಲ್ಲಕ್ಕಿಂತ ಪ್ರಸಿದ್ಧವಾದುದು ಮೊನಾಕೊದ ಉತ್ತರಕ್ಕಿರುವ 1,607 ಮೀಟರ್ ಎತ್ತರದ ಟುರಿನಿ ಘಾಟಿ. ಮೂಲ ರ‍್ಯಾಲಿಯಲ್ಲಿ ಇದನ್ನು ರಾತ್ರಿಯ ಹೊತ್ತು ಏರಿ ಇಳಿಯುವುದು ವಾಡಿಕೆಯಾಗಿತ್ತು. ಬುಡದಲ್ಲಿ ಒಣಗಿರುವ ರಸ್ತೆ ನೆತ್ತಿಯ ಬಳಿ ಮಂಜುಗಡ್ಡೆಯಾಗಿರಬಹುದು. ಮೊಳೆಯಿರುವ ಟೈರು ಮಂಜುಗಡ್ಡೆಯ ಮೇಲೆ ಹಿಡಿತ ಕೊಡುತ್ತದೆ, ಒಣರಸ್ತೆಯಲ್ಲಿ ಜಾರಿಸುತ್ತದೆ. ಒಂದೇ ಹಂತದಲ್ಲಿ ಎರಡೂ ಎದುರಾಗುವುದರಿಂದ ಯಾವ ಟೈರು ಹಾಕಬೇಕೆಂಬುದನ್ನು ಹೊರಡುವ ಮುನ್ನವೇ ನಿರ್ಧರಿಸಬೇಕಾಗುತ್ತದೆ.