ನಳಿಗೆಯೊಳಗಿನ ಅರ್ಧ ಸುತ್ತು

ಸುರಪುರದ ಇತಿಹಾಸ ಹೇಳೋವಾಗ ಎಲ್ಲರೂ ಶೌರ್ಯದಿಂದ ಶುರು ಮಾಡ್ತಾರೆ. ನಾನು ಬಂದೂಕಿನ ನಳಿಗೆಯೊಳಗೆ ಇಣುಕಿ ಶುರು ಮಾಡ್ತೀನಿ.

1705ರಲ್ಲಿ ಔರಂಗಜೇಬ್ ಖುದ್ದಾಗಿ ಬಂದು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದ. ಮುದುಕ ಬಾದಶಹನ ಕೊನೆಯ ದಂಡಯಾತ್ರೆ ಅದು. ಪಿಡ್ಡನಾಯಕನ ಬೇಡರ ಬಂದೂಕುಗಳು ಮೊಘಲ್ ದಂಡನ್ನು ವಾರಗಟ್ಟಲೆ ಬೆಟ್ಟದ ಕೆಳಗೇ ತಡೆದವು. ದಖನ್ನಿನ ಅಂಥ ಬತ್ತಿ ಬಂದೂಕುಗಳ ನಳಿಗೆ ಒಳಗೆ ಬಹುತೇಕ ನುಣುಪು. ಬಾಯಿಯಿಂದ ಮದ್ದು ಸುರಿದು, ಗುಂಡು ಹಾಕಿ ಜಡಿಯಬೇಕು. ಸಡಿಲ ಗುಂಡು ಸಲೀಸಾಗಿ ಇಳಿಯುತ್ತೆ ನಿಜ, ಆದರೆ ನೂರು ಗಜ ದಾಟಿದ ಮೇಲೆ ಅದಕ್ಕೆ ದೇವರೇ ಗತಿ.

1853ರ ಎನ್‌ಫೀಲ್ಡ್ (ಹೌದು, ತೋಟಾದ ಕೊಬ್ಬಿನ ಗಲಾಟೆಯದ್ದೇ) ಕೂಡ ಬಾಯಿಯಿಂದಲೇ ತುಂಬುವ ಬಂದೂಕು. ವ್ಯತ್ಯಾಸವೆಲ್ಲ ಒಳಗಿನ ಮೂರು ಸುರುಳಿ ಗೀರುಗಳದ್ದು. 78 ಇಂಚಿಗೆ ಒಂದು ಸುತ್ತು, ನಳಿಗೆಯ ಉದ್ದ 39 ಇಂಚು. ಅಂದರೆ ಗುಂಡು ಹೊರಗೆ ಬರುವಷ್ಟರಲ್ಲಿ ಅರ್ಧ ಸುತ್ತು ಮಾತ್ರ. ಇಷ್ಟೇನಾ ಅನಿಸುತ್ತೆ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 900 ಅಡಿ ವೇಗ ಅಂತಿಟ್ಟುಕೊಂಡರೆ, ಆರೂವರೆ ಅಡಿಗೊಂದು ಸುತ್ತಿನಂತೆ, ಸೆಕೆಂಡಿಗೆ ಸುಮಾರು 138 ಸುತ್ತು! ಬುಗುರಿ ನೆಟ್ಟಗೆ ನಿಲ್ಲೋದು ಹೀಗೇ ತಾನೇ?

ಪಿಸ್ತೂಲಿಗೂ ಇದೇ ತಿರುವು ಕೊಟ್ಟರೆ ಆಗಲ್ಲ. ನಳಿಗೆ ಗಿಡ್ಡ ಅನ್ನೋದು ಮುಖ್ಯ ಕಾರಣವಲ್ಲ. ಮದ್ದು ಕಡಿಮೆ, ಹಾಗಾಗಿ ವೇಗ ಕಡಿಮೆ. ವೇಗ ಅರ್ಧವಾದರೆ ಗಿರಕಿಯೂ ಅರ್ಧ. ಅದಕ್ಕೇ ಪಿಸ್ತೂಲಿನ ತಿರುವು ಬಿಗಿಯಾಗಿರಬೇಕು, ಅದರಲ್ಲೂ ಗುಂಡು ಉದ್ದವಾಗಿದ್ದರೆ. ದುಂಡು ಗುಂಡಿಗೆ ನಿಧಾನ ತಿರುವೂ ನಡೆಯುತ್ತೆ. ಹಾಗಂತ ತೀರಾ ಬಿಗಿ ಮಾಡಿ ಮದ್ದು ಜಾಸ್ತಿ ತುಂಬಿದರೆ, ಮೆತ್ತನೆಯ ಸೀಸ ಗೀರು ಹಿಡಿಯದೆ ಜಾರಿಬಿಡುತ್ತೆ.

ಈ ಕಥೆಯಲ್ಲಿ ಒಂದು ರಿವಾಲ್ವರೂ ಇದೆ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜಾ ವೆಂಕಟಪ್ಪ ನಾಯಕರು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕರು. ಚೆಂಗಲ್ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಪ್ರಾಣ ಹೋಯಿತು. ತಾವೇ ಹೊಡೆದುಕೊಂಡರು ಅಂತ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದ. ನಾಯಕರು ಚಿಕ್ಕಂದಿನಿಂದ 'ಅಪ್ಪಾ' ಅಂತ ಕರೀತಿದ್ದ ಮನುಷ್ಯ ಈತ, ಆದರೆ ಅವತ್ತು ಅಲ್ಲಿರಲಿಲ್ಲ. ಕೊಂದೇ ಹಾಕಿದರು ಅನ್ನೋ ಮಾತೂ ಇದೆ. ಗೇಣುದ್ದದ ದೂರಕ್ಕೆ ತಿರುವಿನ ಲೆಕ್ಕ ಏನೂ ಹೇಳಲ್ಲ.

ನನ್ನನ್ನು ಕಾಡೋದು ಆಮೇಲಿನ ಸಂಗತಿ. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳಿಗೆ ಥೇಟ್ ಎನ್‌ಫೀಲ್ಡಿನಂತೆಯೇ ಕಾಣುವ ಬಂದೂಕು ಕೊಟ್ಟರು. ಅದೇ ಕಟ್ಟಿಗೆ, ಅದೇ ಕುದುರೆ. ಆದರೆ ಒಳಗಿನ ಗೀರುಗಳನ್ನು ಹೆರೆದು ತೆಗೆದು, 0.577 ಇಂಚಿನ ನಳಿಗೆಯನ್ನು ಸುಮಾರು 0.65 ಇಂಚಿಗೆ ಅಗಲ ಮಾಡಿದ್ದರು. ಪಕ್ಕದಲ್ಲಿ ನಿಂತ ಬಿಳಿಯನ ಕೈಲಿ ರೈಫಲ್, ನಮ್ಮವನ ಕೈಲಿ ವಾಗಣಗೇರಿ ಕಾಲದ ನುಣುಪು ನಳಿಗೆ. ಬಾಯೊಳಗೆ ಬೆರಳಿಟ್ಟು ನೋಡಿದವನಿಗಷ್ಟೇ ಅದು ಗೊತ್ತಾಗುತ್ತಿತ್ತು.