ಮನೆಯ ಮೀನುತೊಟ್ಟಿಯಲ್ಲಿ ಹಠಾತ್ ಸಾವು: ನೀರಿನ ರಸಾಯನ ಮತ್ತು ಸಾವಿನ ಅನುಕ್ರಮ

ರಾತ್ರಿ ಚೆನ್ನಾಗಿಯೇ ತಿಂದ ಮೀನುಗಳು ಬೆಳಗಾಗುವಷ್ಟರಲ್ಲಿ ಸತ್ತು ತೇಲುತ್ತಿದ್ದರೆ, ಮನೆಯವರು ಮೊದಲು ಓಡುವುದು ಅಕ್ವೇರಿಯಂ ಅಂಗಡಿಗೆ. ನೀಲಿ ಅಥವಾ ಹಸಿರು ಬಣ್ಣದ ಒಂದು ಸೀಸೆ ಬರುತ್ತದೆ, ಅಳತೆಗಿಂತ ನಾಲ್ಕು ಹನಿ ಹೆಚ್ಚೇ ಬೀಳುತ್ತದೆ. ಉಳಿದ ಮೀನುಗಳು ಮರುದಿನ ಸಾಯುತ್ತವೆ. ಸಿಹಿನೀರಿನ ಸಣ್ಣ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಹಲವು ಮೀನುಗಳು ಸತ್ತಾಗ ಕಾರಣ ಬಹುಮಟ್ಟಿಗೆ ನೀರಿನಲ್ಲಿರುತ್ತದೆ, ರೋಗಾಣುವಿನಲ್ಲಲ್ಲ ಎಂಬುದು ಈ ಲೇಖನದ ವಾದ. ಯಾವ ಮೀನು ಮೊದಲು ಸತ್ತಿತು, ಯಾವುದು ಉಳಿಯಿತು, ಸಾವು ಎಷ್ಟು ಹೊತ್ತಿನಲ್ಲಿ ಹರಡಿತು ಎಂಬುದು ಮೈಮೇಲಿನ ಕಲೆಗಳಿಗಿಂತ ಗಟ್ಟಿಯಾದ ಸಾಕ್ಷ್ಯ. ಅದನ್ನು ಗಮನಿಸದೆ ಹಾಕಿದ ಔಷಧ ಹಲವು ಬಾರಿ ಎರಡನೆಯ ಸುತ್ತಿನ ಸಾವಿಗೆ ತಾನೇ ಕಾರಣವಾಗುತ್ತದೆ.

ಮೀನಿನ ರೋಗಶಾಸ್ತ್ರದಲ್ಲಿ ಸ್ನೀಸ್ಕೊ 1974ರಲ್ಲಿ ಮಂಡಿಸಿದ ಚೌಕಟ್ಟು ಇಂದಿಗೂ ಬಳಕೆಯಲ್ಲಿದೆ. ಆಶ್ರಯ ಕೊಡುವ ಮೀನು, ರೋಗಾಣು, ಪರಿಸರ ಎಂಬ ಮೂರು ವೃತ್ತಗಳು ಒಂದರ ಮೇಲೊಂದು ಬಂದ ಜಾಗದಲ್ಲಿ ಮಾತ್ರ ರೋಗ ಹುಟ್ಟುತ್ತದೆ. ಕೆರೆಯಲ್ಲಿ ಪರಿಸರ ನಿಧಾನವಾಗಿ ಬದಲಾಗುತ್ತದೆ. ಅರವತ್ತು ಲೀಟರಿನ ಗಾಜಿನ ತೊಟ್ಟಿಯಲ್ಲಿ ಅದು ಒಂದೇ ಮಧ್ಯಾಹ್ನದಲ್ಲಿ ತಲೆಕೆಳಗಾಗಬಲ್ಲದು. 1850ರ ಸುಮಾರಿಗೆ ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ ಮತ್ತು ಬಸವನಹುಳುಗಳನ್ನು ಒಟ್ಟಿಗಿಟ್ಟು, ಗಿಡವೂ ಪ್ರಾಣಿಯೂ ಪರಸ್ಪರ ಸಮತೋಲ ಕಾಯ್ದುಕೊಳ್ಳುತ್ತವೆಂದು ತೋರಿಸಿದ. ಆದರೆ ಇಂದು ನಾವು ತುಂಬುವಷ್ಟು ಮೀನುಗಳ ಭಾರವನ್ನು ಗಿಡಗಳು ಹೊರಲಾರವು. ಆ ಕೆಲಸ ಮಾಡುವುದು ಫಿಲ್ಟರಿನ ಸ್ಪಾಂಜಿಗೂ ಜಲ್ಲಿಗೂ ಅಂಟಿಕೊಂಡ ಸೂಕ್ಷ್ಮಜೀವಿಗಳ ಪದರ. ನೈಟ್ರೈಟನ್ನು ನೈಟ್ರೇಟ್ ಮಾಡುವುದು ನೈಟ್ರೋಬ್ಯಾಕ್ಟರ್ ಎಂದೇ ಬಹುಕಾಲ ಕಲಿಸಲಾಯಿತು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮುಖ್ಯವಾಗಿ ನೈಟ್ರೋಸ್ಪೈರಾದ್ದು ಎಂದು ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಅಮೋನಿಯಾದಿಂದ ನೈಟ್ರೇಟಿನವರೆಗಿನ ಇಡೀ ಹಾದಿಯನ್ನು ಒಂಟಿಯಾಗಿ ನಡೆಯಬಲ್ಲ ನೈಟ್ರೋಸ್ಪೈರಾಗಳೂ ಇವೆಯೆಂಬುದು 2015ರಲ್ಲಿ ತಿಳಿಯಿತು. ಹೆಸರು ಯಾವುದಾದರೂ ಇರಲಿ, ಮೀನಿನ ಜೀವ ನಿಂತಿರುವುದು ಈ ಕಾಣದ ಪದರದ ಮೇಲೆ. ಸ್ಪಾಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದರೆ ನಾಶವಾಗುವುದೂ ಇದೇ ಪದರ.

ಮೀನು ತನ್ನ ತ್ಯಾಜ್ಯ ಸಾರಜನಕದ ಬಹುಪಾಲನ್ನು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ನೀರಿನಲ್ಲಿ ಅದಕ್ಕೆ ಎರಡು ರೂಪ. ಅಮೋನಿಯಂ ಅಯಾನು ಅಷ್ಟೇನೂ ಅಪಾಯಕಾರಿಯಲ್ಲ, ಅಯಾನೀಕರಣವಾಗದ ಅಮೋನಿಯಾ ತೀವ್ರ ವಿಷ. ಇವೆರಡರ ಪಾಲನ್ನು ನಿರ್ಧರಿಸುವುದು ಮುಖ್ಯವಾಗಿ ಪಿಎಚ್, ಸ್ವಲ್ಪ ಮಟ್ಟಿಗೆ ಉಷ್ಣತೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ಶೇ. 0.6ರಷ್ಟು; ಪಿಎಚ್ 8 ಆದರೆ ಶೇ. 5ಕ್ಕೂ ಹೆಚ್ಚು. ಅಂಗಡಿಯಲ್ಲಿ ಸಿಗುವ ಪರೀಕ್ಷಾ ಕಿಟ್‌ಗಳು ಸಾಮಾನ್ಯವಾಗಿ ಎರಡರ ಒಟ್ಟು ಮೊತ್ತವನ್ನು ಹೇಳುತ್ತವೆ. ಪಿಎಚ್ ನೋಡದೆ ಆ ಅಂಕಿಯನ್ನು ಓದಿದರೆ ಅರ್ಥವಾಗುವುದು ಅರ್ಧ ಮಾತ್ರ.

‘ವರ್ಷಗಟ್ಟಲೆ ಚೆನ್ನಾಗಿದ್ದ ತೊಟ್ಟಿ, ನೀರು ಬದಲಾಯಿಸಿದ ಮರುದಿನವೇ ಎಲ್ಲವೂ ಸತ್ತವು’ ಎಂಬ ದೂರಿಗೆ ಇಲ್ಲಿ ಉತ್ತರವಿದೆ. ಸೂಕ್ಷ್ಮಜೀವಿಗಳು ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ಉತ್ಕರ್ಷಿಸುವಾಗ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಆವಿಯಾದಷ್ಟು ನೀರು ತುಂಬುತ್ತ, ಹಳೆಯ ನೀರನ್ನು ತೆಗೆಯದೆ ನಡೆಸಿದ ತೊಟ್ಟಿಯಲ್ಲಿ ಕ್ಷಾರೀಯತೆ ಒಂದು ದಿನ ಬರಿದಾಗುತ್ತದೆ. ಪಿಎಚ್ ಕುಸಿದು 6ರ ಆಸುಪಾಸಿಗೆ ಬಂದಾಗ ನೈಟ್ರೀಕರಣವೂ ಹೆಚ್ಚುಕಡಿಮೆ ನಿಲ್ಲುತ್ತದೆ, ಅಮೋನಿಯಾ ಒಟ್ಟುಗೂಡತೊಡಗುತ್ತದೆ. ಆಮ್ಲೀಯ ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿ ಇರುವುದರಿಂದ ಮೀನುಗಳು ನೋಡಲು ಆರೋಗ್ಯವಾಗಿಯೇ ಇರುತ್ತವೆ. ಲೀಟರಿಗೆ 10 ಮಿಲಿಗ್ರಾಂ ಒಟ್ಟು ಅಮೋನಿಯಾ, ಪಿಎಚ್ 6 ಎಂದಿಟ್ಟುಕೊಳ್ಳೋಣ. ವಿಷರೂಪ 0.006 ಮಿಲಿಗ್ರಾಂಗಿಂತ ಕಡಿಮೆ. ಈಗ ಅರ್ಧ ನೀರು ತೆಗೆದು ಗಡಸು ಬೋರ್‌ವೆಲ್ ನೀರು ಸುರಿದರೆ ಒಟ್ಟು ಅಮೋನಿಯಾ 5ಕ್ಕೆ ಇಳಿಯುತ್ತದೆ, ಆದರೆ ಪಿಎಚ್ 7.8ಕ್ಕೆ ಏರಿದರೆ ವಿಷರೂಪ ಸುಮಾರು 0.17 ಮಿಲಿಗ್ರಾಂ ಆಗುತ್ತದೆ. ಒಟ್ಟು ಮೊತ್ತ ಅರ್ಧಕ್ಕಿಳಿದರೂ ವಿಷ ಮೂವತ್ತು ಪಟ್ಟು ಏರಿತು. ಲವಣಾಂಶದ ಏರುಪೇರಿನ ಆಘಾತ ಬೇರೆ. ಶ್ರದ್ಧೆಯಿಂದ ತೊಟ್ಟಿ ತೊಳೆದವರು ತಮ್ಮ ಕೈಯಾರೆ ಹೀಗಾಯಿತೆಂದು ಸಂಕಟಪಡುತ್ತಾರೆ. ತಪ್ಪು ಆ ದಿನದ್ದಲ್ಲ, ಅದಕ್ಕೂ ಹಿಂದಿನ ತಿಂಗಳುಗಳದ್ದು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಬೆಂಗಳೂರಿನ ಮನೆಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಕಾವೇರಿ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಮೂರೂ ಒಂದೇ ಸಂಪಿಗೆ ಬೀಳುವ ಅಪಾರ್ಟ್‌ಮೆಂಟುಗಳಲ್ಲಿ ಒಂದೇ ನಲ್ಲಿಯ ನೀರಿನ ಗಡಸುತನ ವಾರದಿಂದ ವಾರಕ್ಕೆ ಬೇರೆ. ಆಳದಿಂದ ಆಗಷ್ಟೇ ಎತ್ತಿದ ನೀರಿನಲ್ಲಿ ಸಾಮಾನ್ಯವಾಗಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಗಾಳಿಯಾಡಿದ ಮೇಲೆ ಅದರ ಪಿಎಚ್ ಏರುತ್ತದೆ. ಆದ್ದರಿಂದ ಬಕೆಟ್ಟಿನಲ್ಲಿ ಒಂದು ರಾತ್ರಿ ಏರ್ ಪಂಪ್ ಹಾಕಿ ಬಿಟ್ಟ ನೀರಿನ ಪಿಎಚ್ ಅಳೆಯಬೇಕು, ನಲ್ಲಿಯಿಂದ ನೇರ ಹಿಡಿದದ್ದರದಲ್ಲ. ಕ್ಲೋರಿನ್ ವಿಚಾರವೂ ಅಷ್ಟೇ ಮುಖ್ಯ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ, ಕ್ಲೋರಿನ್ ಹಾಕಿದ ನೀರಿನಲ್ಲಿ ಉಳಿದಿರಬೇಕಾದ ಮುಕ್ತ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಸಿಹಿನೀರಿನ ಜೀವಿಗಳ ರಕ್ಷಣೆಗಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಕಿದ ಅಲ್ಪಾವಧಿ ಮಿತಿ 0.019 ಮಿಲಿಗ್ರಾಂ. ನಮಗೆ ಸುರಕ್ಷಿತವಾಗಿರಲೇಬೇಕಾದ ನೀರು ಮೀನಿಗೆ ಆ ಮಿತಿಯ ಹತ್ತು ಪಟ್ಟು ಮೀರಿದೆ. ಸೋಡಿಯಂ ಥಯೋಸಲ್ಫೇಟ್ ಹರಳುಗಳು ಕ್ಲೋರಿನ್ನನ್ನು ಕ್ಷಣದಲ್ಲೇ ತಟಸ್ಥಗೊಳಿಸುತ್ತವೆ, ಬೆಲೆಯೂ ಅಗ್ಗ.

ನಸುಕಿನಲ್ಲಿ ಆಗುವ ಸಾವಿಗೆ ಕಾರಣ ಬಹುಪಾಲು ಆಮ್ಲಜನಕದ ಕೊರತೆ. ರಾತ್ರಿಯಿಡೀ ಗಿಡಗಳೂ ಉಸಿರಾಡುತ್ತವೆ, ಬೆಳಕು ಹರಿಯುವ ಮುಂಚೆ ನೀರಿನ ಆಮ್ಲಜನಕ ತಳ ಮುಟ್ಟುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರು ಹಿಡಿಯುವ ಗರಿಷ್ಠ ಆಮ್ಲಜನಕ ಲೀಟರಿಗೆ 8.3 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.6. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇದರಲ್ಲೂ ಹತ್ತನೇ ಒಂದು ಪಾಲು ಕಡಿಮೆ. ಬೇಸಿಗೆಯ ರಾತ್ರಿ ಕರೆಂಟು ಹೋದರೆ ಉಳಿಯುವ ಅಂತರ ತೀರ ಸಣ್ಣದು. ಇಲ್ಲಿ ಸಾವಿನ ಅನುಕ್ರಮ ಸ್ಪಷ್ಟ: ದೊಡ್ಡ ಮೀನುಗಳು ಮೊದಲು ಹೋಗುತ್ತವೆ, ಮೇಲಿನ ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಗೌರಾಮಿ ಮತ್ತು ಫೈಟರ್ ಉಳಿಯುತ್ತವೆ. ಸತ್ತ ಮೀನುಗಳ ಬಾಯಿ ತೆರೆದು ಕಿವಿರು ಮುಚ್ಚಳ ಅಗಲಿಸಿರುತ್ತದೆ. ಕರೆಂಟು ಬಂದ ಕೂಡಲೇ ಮುಚ್ಚಿದ ಡಬ್ಬಿ ಫಿಲ್ಟರನ್ನು ಚಾಲೂ ಮಾಡಬಾರದು. ಗಂಟೆಗಟ್ಟಲೆ ನಿಂತ ನೀರು ಅದರೊಳಗೆ ಕೊಳೆತಿರುತ್ತದೆ, ಅದನ್ನು ಚೆಲ್ಲಿದ ಮೇಲೆಯೇ ಚಾಲೂ ಮಾಡಬೇಕು.

ಸಿಗಡಿಗಳು ಮೊದಲು ಸತ್ತು, ಮೀನುಗಳು ನಡುಗುತ್ತ ದಿಕ್ಕೆಟ್ಟು ಓಡಾಡಿ ಆಮೇಲೆ ಸತ್ತರೆ ಮನೆಯಲ್ಲಿ ಸಿಂಪಡಿಸಿದ ಕೀಟನಾಶಕವನ್ನು ಶಂಕಿಸಬೇಕು. ಸೊಳ್ಳೆ, ಜಿರಲೆಗಳಿಗೆ ಬಳಸುವ ಪೈರೆಥ್ರಾಯ್ಡ್‌ಗಳು ಮನುಷ್ಯರಿಗೆ ಹೋಲಿಸಿದರೆ ಮೀನಿಗೆ ಎಷ್ಟೋ ಪಟ್ಟು ವಿಷಕಾರಿ. ಕೋಣೆಯ ಗಾಳಿಯನ್ನು ಎಳೆದು ನೀರಿಗೆ ತಳ್ಳುವ ಏರ್ ಪಂಪೇ ಅವುಗಳನ್ನು ಒಳಗೆ ಸಾಗಿಸುತ್ತದೆ. ಹೊಸ ಸಕ್ರಿಯ ಇಂಗಾಲ ಮತ್ತು ಪದೇಪದೇ ನೀರು ಬದಲಾವಣೆ ಬಿಟ್ಟರೆ ಇದಕ್ಕೆ ಬೇರೆ ದಾರಿಯಿಲ್ಲ.

ಸೋಂಕಿನ ಸಾವಿಗೆ ದಿನಗಳು ಬೇಕು, ಅದು ಹೆಚ್ಚಾಗಿ ಒಂದೆರಡು ಜಾತಿಗಳಲ್ಲಿ ಆರಂಭವಾಗುತ್ತದೆ. ಬಿಳಿ ಚುಕ್ಕೆ ರೋಗದ ಪರೋಪಜೀವಿ ಇಕ್ತಿಯೋಫ್ತಿರಿಯಸ್ ಮೀನಿನ ಹೊರಚರ್ಮದ ಅಡಿ ಅಡಗಿರುವಾಗ ಯಾವ ಔಷಧವೂ ಅದನ್ನು ಮುಟ್ಟದು. ಕೆಳಗುದುರಿ, ಒಡೆದು ನೂರಾರು ಮರಿಗಳಾಗಿ ಈಜುವಾಗ ಮಾತ್ರ ಅದು ಸಾಯುತ್ತದೆ. ಚುಕ್ಕೆ ಮಾಯವಾದ ಕೂಡಲೇ ಔಷಧ ನಿಲ್ಲಿಸಿದವರಿಗೆ ರೋಗ ಮರಳುವುದು ಇದೇ ಕಾರಣಕ್ಕೆ. ನನ್ನ ವಾದಕ್ಕೆ ಅಪವಾದಗಳೂ ಇವೆ. ಬಿಸಿ ನೀರಿನಲ್ಲಿ ಕಾಲಮ್ನಾರಿಸ್ ಬ್ಯಾಕ್ಟೀರಿಯಾದ ಉಗ್ರ ತಳಿಗಳು ಒಂದೆರಡು ದಿನಗಳಲ್ಲೇ ತೊಟ್ಟಿ ಬರಿದುಮಾಡಬಲ್ಲವು. ಗೋಲ್ಡ್‌ಫಿಶ್ ಮಾತ್ರ ಸಾಲಾಗಿ ಸತ್ತು ಬೇರೆ ಜಾತಿಗಳು ನೆಮ್ಮದಿಯಾಗಿದ್ದರೆ ಸಿಪ್ರಿನಿಡ್ ಹರ್ಪಿಸ್ ವೈರಸ್-2 ಇರಬಹುದು. 1990ರ ದಶಕದಲ್ಲಿ ಜಪಾನಿನಲ್ಲಿ ಗುರುತಿಸಲ್ಪಟ್ಟ ಈ ವೈರಸ್ ಭಾರತದಲ್ಲೂ ಪತ್ತೆಯಾಗಿದೆ, ಮದ್ದಿಲ್ಲ.

ಔಷಧದ ಬಗ್ಗೆ ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಮೆಥಿಲೀನ್ ಬ್ಲೂ ಮತ್ತು ಹಲವು ಪ್ರತಿಜೀವಕಗಳು ಫಿಲ್ಟರಿನ ಪದರವನ್ನೇ ಹಾಳುಮಾಡುತ್ತವೆ, ಫಾರ್ಮಲಿನ್ ನೀರಿನ ಆಮ್ಲಜನಕವನ್ನು ಕಬಳಿಸುತ್ತದೆ. ಉಸಿರಿಗಾಗಿ ಮೇಲೆ ಬಂದು ಬಾಯಿ ಬಡಿಯುವ ಮೀನಿಗೆ ಇದನ್ನು ಹಾಕುವುದು ಕೊಲ್ಲುವುದೇ ಸರಿ. ಮೊದಲ ಹತ್ತು ನಿಮಿಷದಲ್ಲಿ ಆಗಬೇಕಾದದ್ದು ಬೇರೆ. ಸ್ವಚ್ಛ ಸೀಸೆಯಲ್ಲಿ ಅರ್ಧ ಲೀಟರ್ ತೊಟ್ಟಿಯ ನೀರನ್ನು ತೆಗೆದಿಡಬೇಕು. ನೀರು ಬದಲಾಯಿಸಿದ ಮೇಲೆ ಆ ಸಾಕ್ಷ್ಯ ಮತ್ತೆ ಸಿಗದು. ಗಾಳಿ ಹೆಚ್ಚಿಸಿ, ಆಹಾರ ನಿಲ್ಲಿಸಿ, ಸತ್ತವನ್ನು ಹೊರತೆಗೆಯಬೇಕು. ತೊಟ್ಟಿಯ ಮತ್ತು ಹೊಸ ನೀರಿನ ಪಿಎಚ್ ಹತ್ತಿರವಿದ್ದರೆ ಅರ್ಧ ಬದಲಾಯಿಸಬಹುದು, ದೂರವಿದ್ದರೆ ಹತ್ತನೇ ಒಂದರಂತೆ ಹಲವು ಬಾರಿ. ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ನೈಟ್ರೈಟ್ ವಿಷ. ರಕ್ತ ಆಮ್ಲಜನಕ ಹೊರಲಾರದಂತಾಗಿರುತ್ತದೆ, ಅಯೋಡಿನ್ ಇಲ್ಲದ ಕಲ್ಲುಪ್ಪಿನ ಕ್ಲೋರೈಡು ಕಿವಿರಿನಲ್ಲಿ ನೈಟ್ರೈಟನ್ನು ತಡೆಯುತ್ತದೆ. ಲೀಟರಿಗೆ ಒಂದು ಗ್ರಾಂ ಸಾಕು.

ಪ್ರಯೋಗಾಲಯಕ್ಕೆ ಒಯ್ಯುವುದಾದರೆ ಸಾಯುತ್ತಿರುವ ಮೀನೇ ಅತ್ಯುತ್ತಮ ಮಾದರಿ. ಆಗಷ್ಟೇ ಸತ್ತದ್ದಾದರೆ ಮಂಜುಗಡ್ಡೆಯ ಮೇಲಿರಬೇಕು, ಫ್ರೀಜರಿನಲ್ಲಲ್ಲ. ಹೆಪ್ಪುಗಟ್ಟಿದ ಅಂಗಾಂಶ ಸೂಕ್ಷ್ಮದರ್ಶಕದಡಿ ಒಡೆದು ಕಾಣುತ್ತದೆ. ಕೈಯಲ್ಲಿ ಗಾಯವಿದ್ದರೆ ಕೈಗವಸು ಕಡ್ಡಾಯ. ಫಿಲಡೆಲ್ಫಿಯಾದ ಅಕ್ವೇರಿಯಂ ಮೀನುಗಳಲ್ಲಿ ಆರನ್‌ಸನ್ 1926ರಲ್ಲಿ ವರ್ಣಿಸಿದ ಮೈಕೋಬ್ಯಾಕ್ಟೀರಿಯಂ ಮರಿನಂ ಮನುಷ್ಯರ ಚರ್ಮದಲ್ಲೂ ವಾಸಿಯಾಗದ ಗಂಟು ಎಬ್ಬಿಸುತ್ತದೆ. ಅಂಥ ಗಂಟು ತೋರಿಸುವಾಗ ಮನೆಯಲ್ಲಿ ಮೀನುತೊಟ್ಟಿ ಇದೆಯೆಂದು ವೈದ್ಯರಿಗೆ ಹೇಳಲೇಬೇಕು, ಇಲ್ಲವಾದರೆ ಸರಿಯಾದ ಪರೀಕ್ಷೆ ತಿಂಗಳುಗಟ್ಟಲೆ ತಡವಾಗುತ್ತದೆ.

ಉಳಿದ ಮೀನುಗಳ ತೊಟ್ಟಿಗೆ ಹೊಸದನ್ನು ತರುವ ಆತುರ ಬೇಡ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಕೆಲವು ವಾರ ಸತತವಾಗಿ ಸೊನ್ನೆ ತೋರಿಸಬೇಕು. ಆಮೇಲೂ ಹೊಸ ಮೀನು ಪ್ರತ್ಯೇಕ ತೊಟ್ಟಿಯಲ್ಲಿ, ಪ್ರತ್ಯೇಕ ಬಲೆಯೊಂದಿಗೆ, ಕನಿಷ್ಠ ನಾಲ್ಕು ವಾರ ಇರಬೇಕು. ಗೋಲ್ಡ್‌ಫಿಶ್ ವೈರಸ್ಸಿನಿಂದ ಬದುಕುಳಿದ ಮೀನು ಆರೋಗ್ಯವಾಗಿ ಕಂಡರೂ ಅದನ್ನು ಒಳಗೆ ಹೊತ್ತುಕೊಂಡೇ ಇರಬಲ್ಲದು. ಅಂಥ ಮೀನನ್ನು ಬೇರೆಯವರಿಗೆ ಕೊಡಲೂಬಾರದು, ಕೆರೆಗೆ ಬಿಡಲೂಬಾರದು.